ಚಳ್ಳಕೆರೆ ಕಡೆ ಕಾವಲು ಯಾವ್ದು, ಬೀಳು ಬಿಟ್ಟ ಹೊಲ ಯಾವ್ದು: ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ನಾನು ಸರಿ ಮಾಡಿದ್ದು

ಬೇಸಿಗೆ ಸ್ಯಾಟಲೈಟ್ ಇಮೇಜಲ್ಲಿ ಶೇಂಗಾ ಕಿತ್ತ ಹೊಲ, ಅಮೃತಮಹಲ್ ಕಾವಲು (ದನ ಮೇಯೋ ಹುಲ್ಲುಗಾವಲು) ಎರಡೂ ಒಂದೇ ಕಂದು ಬಣ್ಣ, ಅದಕ್ಕೇ ಯಾರು ಬೇಕಾದ್ರೂ ತಿದ್ದಬಹುದಾದ ಈ ಮ್ಯಾಪಲ್ಲಿ ಕಾವಲು ಫಾರ್ಮ್‌ಲ್ಯಾಂಡ್ ಆಗಿತ್ತು, ಹೊಲ ಸ್ಕ್ರಬ್ (ಪೊದೆಗಾಡು) ಆಗಿತ್ತು, ಡೇಟಾ ಡೌನ್‌ಲೋಡ್ ಮಾಡಿದ್ರೆ ಹೊಲದ ನಡುವಿನ ಗುಡ್ಡ ಹೊಲ, ಸ್ಕ್ರಬ್ ಎರಡರ ಲೆಕ್ಕಕ್ಕೂ ಬರ್ತಿತ್ತು.

ಝೂಮ್ ಮಾಡಿದ್ರೂ ಬಣ್ಣದಿಂದ ಗೊತ್ತಾಗಲ್ಲ. ಕಾವಲಿಗೆ ಲ್ಯಾಂಡ್‌ಯೂಸ್=ಗ್ರಾಸ್ ಅನ್ನೋ ಟ್ಯಾಗ್ (ಜಾಗ ಏನು ಅಂತ ಹೇಳೋ ಗುರುತು) ಹಾಕಿದ್ರೂ ತಪ್ಪೇ, ಅದು ಲಾನ್ ಥರ ಕತ್ತರಿಸಿ ನೋಡ್ಕೊಳ್ಳೋ ಹುಲ್ಲಿಗೆ.

ಕೆಲಸ ಆಗಿದ್ದು ಹೀಗೆ. ಮೊದ್ಲು ಬಿಂಗ್, ಎಸ್ರಿ ಎರಡೂ ಸ್ಯಾಟಲೈಟ್ ಲೇಯರ್ ಆನ್ ಆಫ್ ಮಾಡಿ ಬದು ಹುಡುಕಿ, ಬದು, ಉಳುಮೆ ಗೆರೆ ಇದ್ರೆ ಈ ವರ್ಷ ಬಿತ್ತದಿದ್ರೂ ಲ್ಯಾಂಡ್‌ಯೂಸ್=ಫಾರ್ಮ್‌ಲ್ಯಾಂಡ್. ಬದು ಇಲ್ದೆ ಬರೀ ದನದ ಜಾಡು ಇದ್ರೆ ನ್ಯಾಚುರಲ್=ಗ್ರಾಸ್‌ಲ್ಯಾಂಡ್, ಪೊದೆ ಜಾಸ್ತಿ ಇದ್ರೆ ನ್ಯಾಚುರಲ್=ಸ್ಕ್ರಬ್, ಬರೀ ಬಂಡೆ ಆದ್ರೆ ಬೇರ್_ರಾಕ್ (ಚಿತ್ರದುರ್ಗದಲ್ಲಿ ಇದಕ್ಕೇನು ಬರ ಇಲ್ಲ). ಹೊಸದುರ್ಗ, ಹಿರಿಯೂರಿನ ತೆಂಗಿನ ತೋಟ ಫಾರ್ಮ್‌ಲ್ಯಾಂಡ್ ಅಲ್ಲ, ಲ್ಯಾಂಡ್‌ಯೂಸ್=ಆರ್ಚರ್ಡ್ ಜೊತೆ ಟ್ರೀಸ್=ಕೋಕೋನಟ್_ಪಾಮ್ಸ್.

ಗುಡ್ಡ ಎರಡು ಸಲ ಬರ್ತಿದ್ದಿದ್ದು ಹೋಗಿದ್ದು ಜೆಓಎಸ್‌ಎಂ ಅನ್ನೋ ಮ್ಯಾಪ್ ತಿದ್ದೋ ಪ್ರೋಗ್ರಾಂನಲ್ಲಿ: ಹೊಲದ ಹೊರಗೆರೆ, ಗುಡ್ಡದ ಗೆರೆ ಎರಡೂ ಸೆಲೆಕ್ಟ್ ಮಾಡಿ ಕಂಟ್ರೋಲ್+ಬಿ ಒತ್ತಿದ್ರೆ ಎರಡೂ ಗೆರೆ ಸೇರಿಸೋ ರಿಲೇಶನ್ (ಮಲ್ಟಿಪಾಲಿಗನ್) ಆಗುತ್ತೆ, ಹೊರಗಿಂದು ಔಟರ್, ಗುಡ್ಡ ಇನ್ನರ್, ಫಾರ್ಮ್‌ಲ್ಯಾಂಡ್ ಟ್ಯಾಗ್ ರಿಲೇಶನ್ ಮೇಲೆ ಮಾತ್ರ ಇರ್ಬೇಕು, ಗುಡ್ಡದ ಗೆರೆಗೆ ಅದರದ್ದೇ ಸ್ಕ್ರಬ್ ಟ್ಯಾಗ್. ಆಮೇಲೆ ತಪ್ಪು ಹುಡುಕೋ ವ್ಯಾಲಿಡೇಟರ್ ಓಡಿಸಿ ಅಪ್ಲೋಡ್ ಮಾಡಿ.