ಪೆಟ್ಟಿಗೆ ಮೊದಲು, ಅಂಗಡಿ ಆಮೇಲೆ

ನಮ್ಮ ಮನೆಯಲ್ಲಿ ಕ್ರಿಸ್‌ಮಸ್ ಅಲಂಕಾರ ಶುರುವಾಗುವುದು ಅಟ್ಟದ ಮೇಲಿನ ರಟ್ಟಿನ ಪೆಟ್ಟಿಗೆಯಿಂದ. ಅಜ್ಜಿ ಕಾಲದ್ದು. ಮೂಲೆಗಳಿಗೆಲ್ಲ ಟೇಪ್ ಸುತ್ತಿ ಸುತ್ತಿ ಈಗ ರಟ್ಟಿಗಿಂತ ಟೇಪೇ ಜಾಸ್ತಿ ಇದೆ.

ಒಂದು ವರ್ಷ ಮಾತ್ರ ನಾನು ಅದನ್ನು ಕೆಳಗಿಳಿಸಲೇ ಇಲ್ಲ. ಎಲ್ಲವೂ ಒಂದೇ ಬಣ್ಣದಲ್ಲಿ ಇರಬೇಕು ಅಂತ ಹುಚ್ಚು ಹತ್ತಿತ್ತು. ಬಂಗಾರದ ಬಣ್ಣದ ಗುಂಡುಗಳು, ರಿಬ್ಬನ್, ಜರಿ ಹಾರ ಎಲ್ಲ ಒಂದೇ ಸಲ ಹೊತ್ತು ತಂದೆ. ಮನೆ ಚೆನ್ನಾಗಿಯೇ ಕಾಣುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಜನವರಿಯಲ್ಲಿ ಖರ್ಚಿನ ಲೆಕ್ಕ ನೋಡಿದ ನಮ್ಮೆಜಮಾನರು ಒಂದು ಮಾತೂ ಆಡಲಿಲ್ಲ, ಬೈದಿದ್ದರೇ ವಾಸಿ ಇತ್ತು. ಮಿನುಗು ಪುಡಿ ಏಪ್ರಿಲ್‌ವರೆಗೂ ಸೋಫಾ ಸಂದಿಯಲ್ಲಿ ಸಿಗುತ್ತಿತ್ತು.

ಅಲ್ಲಿಂದ ಒಂದು ನಿಯಮ ಮಾಡಿಕೊಂಡೆವು. ಅಡ್ವೆಂಟಿನ (ಕ್ರಿಸ್‌ಮಸ್‌ಗೆ ಮುಂಚಿನ ಸಿದ್ಧತೆಯ ವಾರಗಳ) ಮೊದಲ ಭಾನುವಾರ, ಅಂದರೆ ನವೆಂಬರ್ 27ರಿಂದ ಡಿಸೆಂಬರ್ 3ರ ಒಳಗೆ ಬರುವ ಭಾನುವಾರ, ಪೆಟ್ಟಿಗೆ ಇಳಿಸಿ ಹಳೇ ಬೆಡ್‌ಶೀಟ್ ಮೇಲೆ ಎಲ್ಲವನ್ನೂ ಹರಡುತ್ತೇವೆ. ಅದಕ್ಕೂ ಮುಂಚೆ ಯಾರೂ ಒಂದು ಗುಂಡುಸೂಜಿ ಕೂಡ ಕೊಳ್ಳುವ ಹಾಗಿಲ್ಲ. ಹೊಸದು ವರ್ಷಕ್ಕೆ ಒಂದೇ ವಸ್ತು, ಅದನ್ನು ಆರಿಸುವವರು ಸರದಿ ಪ್ರಕಾರ. ಮಿಕ್ಕಿದ್ದೆಲ್ಲ ಕೈಯಲ್ಲೇ ಮಾಡುವುದು.

ಕೈಯಲ್ಲಿ ಮಾಡುವುದರಲ್ಲಿ ನನಗೆ ತುಂಬಾ ಇಷ್ಟ ಕಾಗದದ ನಕ್ಷತ್ರ. ಹಳೇ ಕ್ಯಾಲೆಂಡರ್ ಹಾಳೆ ಇದಕ್ಕೆ ಹೇಳಿ ಮಾಡಿಸಿದ ಹಾಗಿರುತ್ತದೆ, ಗಟ್ಟಿ ಇರುತ್ತದೆ, ಹಿಂದುಗಡೆ ಬಿಳಿ. 15 ಸೆಂಟಿಮೀಟರಿನ ಆರು ಚೌಕ ಕತ್ತರಿಸಿಕೊಳ್ಳಿ. ಒಂದೊಂದನ್ನೂ ಮೂಲೆಯಿಂದ ಮೂಲೆಗೆ ಮಡಚಿದರೆ ತ್ರಿಕೋನ ಆಗುತ್ತದೆ. ಮಡಿಕೆಯ ಕಡೆಯಿಂದ ಕತ್ತರಿ ಹಾಕಿ, ಎಡ ಅಂಚಿಗೆ ಸಮಾನಾಂತರವಾಗಿ ಮೂರು ಸೀಳು, ಬಲ ಅಂಚಿಗೆ ಸಮಾನಾಂತರವಾಗಿ ಮೂರು ಸೀಳು. ಎರಡೂ ಕಡೆಯ ಸೀಳು ನಡುವಲ್ಲಿ ಕೂಡಬಾರದು, ಒಂದು ಬೆರಳಿನಷ್ಟು ಜಾಗ ಬಿಡಬೇಕು. ನನ್ನ ಮೊದಲ ಮೂರು ಚೌಕ ಹಾಳಾಗಿದ್ದು ಅಲ್ಲೇ. ಬಿಡಿಸಿದರೆ ಒಂದರೊಳಗೊಂದು ಚೌಕ ಕಾಣುತ್ತದೆ. ಒಳಗಿನ ಎರಡು ತುದಿಗಳನ್ನು ಸುರುಳಿ ಮಾಡಿ ಟೇಪ್ ಹಾಕಿ, ಕಾಗದ ತಿರುಗಿಸಿ, ಮುಂದಿನ ಎರಡನ್ನು ಹಿಂಬದಿಯಲ್ಲಿ ಕೂಡಿಸಿ, ಮತ್ತೆ ತಿರುಗಿಸಿ, ಹೀಗೇ ಹೊರಗಿನವರೆಗೆ. ಆರೂ ಆದ ಮೇಲೆ ಮೂರು ಮೂರರ ಎರಡು ಗುಂಪು ಮಾಡಿ ನಡುವಲ್ಲಿ ಸ್ಟೇಪ್ಲರ್ ಹೊಡೆದು, ಆಮೇಲೆ ಎರಡನ್ನೂ ಸೇರಿಸುವುದು. ಪಕ್ಕಪಕ್ಕದವು ತಾಗುವ ಕಡೆಯೂ ಒಂದೊಂದು ಪಿನ್ ಬೇಕು, ಇಲ್ಲದಿದ್ದರೆ ಎರಡೇ ದಿನಕ್ಕೆ ಜೋಲುತ್ತದೆ.

ಉಪ್ಪು ಹಿಟ್ಟಿನ ಗೊಂಬೆಗಳೂ ಇವೆ. ಎರಡು ಕಪ್ ಮೈದಾ, ಒಂದು ಕಪ್ ಉಪ್ಪು, ಸುಮಾರು ಒಂದು ಕಪ್ ನೀರು. ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಲಟ್ಟಿಸಿ, ಆಕಾರ ಕತ್ತರಿಸಿ, ದಾರ ಕಟ್ಟಲು ಸ್ಟ್ರಾನಿಂದ ತೂತು ಮಾಡಿ. ಓವನ್ ನೂರು ಡಿಗ್ರಿ ಸುಮಾರಿನಲ್ಲಿ ಎರಡು ಮೂರು ಗಂಟೆ ಇರಬೇಕು. ನಾನು ಮೊದಲ ಸಲ ಆತುರಕ್ಕೆ 180ಕ್ಕೆ ಇಟ್ಟೆ. ದೇವದೂತರೆಲ್ಲ ಹೊಟ್ಟೆ ಉಬ್ಬಿಸಿಕೊಂಡು ಕಂದು ಬಣ್ಣಕ್ಕೆ ತಿರುಗಿದರು. ಬಣ್ಣ ಒಣಗಿದ ಮೇಲೆ ವಾರ್ನಿಷ್ ಹಚ್ಚಲೇಬೇಕು, ಇಲ್ಲವಾದರೆ ಪೆಟ್ಟಿಗೆಯಲ್ಲಿ ತೇವ ಹೀರಿ ಮೆತ್ತಗಾಗುತ್ತವೆ. ಮನೆಯಲ್ಲಿ ನಾಯಿ ಇದ್ದರೆ ಎತ್ತರದಲ್ಲಿ ಕಟ್ಟಿ, ಅಷ್ಟೊಂದು ಉಪ್ಪು ಅದರ ಜೀವಕ್ಕೇ ಅಪಾಯ.

ಹಳೇ ಸೀರಿಯಲ್ ಸೆಟ್ ಒಂದನ್ನೇ ನಾನು ಬೇಜಾರಿಲ್ಲದೆ ಎಸೆದಿದ್ದು. ಒಂದು ಬಲ್ಬ್ ಹೋದರೆ ಇಡೀ ಸಾಲು ಕತ್ತಲೆ, ಸಾಲದ್ದಕ್ಕೆ ಮುಟ್ಟಿದರೆ ಬಿಸಿ. ಎಲ್‌ಇಡಿ ಸರಕ್ಕೆ ಕರೆಂಟೂ ಕಮ್ಮಿ ಸಾಕು. ಅದು ನನ್ನ ಸರದಿಯ ಖರೀದಿ. ತೆಗೆಯುವಾಗ ರಟ್ಟಿನ ತುಂಡಿಗೆ ಸುತ್ತಿಟ್ಟರೆ ಮುಂದಿನ ವರ್ಷ ಗಂಟು ಬಿಡಿಸುತ್ತಾ ಜಗಳ ಆಡುವುದು ತಪ್ಪುತ್ತದೆ.

ಇನ್ನು ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ದೃಶ್ಯ. ಅಸ್ಸಿಸಿಯ ಸಂತ ಫ್ರಾನ್ಸಿಸ್ 1223ರಲ್ಲಿ ಇಟಲಿಯ ಗ್ರೆಚ್ಚೋದಲ್ಲಿ ಹುಲ್ಲು, ಎತ್ತು, ಕತ್ತೆ ತರಿಸಿ ಗೋದಲಿ ಮಾಡಿದರಂತೆ. ನಾವು ಹುಲ್ಲಿಗಷ್ಟೇ ನಿಲ್ಲಿಸಿದ್ದೇವೆ. ಗುಡ್ಡಕ್ಕೆ ಕಂದು ಬಣ್ಣದ ಪ್ಯಾಕಿಂಗ್ ಕಾಗದವನ್ನು ಚೆನ್ನಾಗಿ ಮುದುಡಿ ಬಿಡಿಸಿದರೆ ಸಾಕು, ಕೊಟ್ಟಿಗೆಗೆ ಚಪ್ಪಲಿ ಡಬ್ಬ. ಅಜ್ಜಿ ಇಟ್ಟ ಪದ್ಧತಿ ಏನೆಂದರೆ, 24ರ ರಾತ್ರಿವರೆಗೆ ತೊಟ್ಟಿಲು ಖಾಲಿ ಇರಬೇಕು. ಮನೆಯ ಅತಿ ಚಿಕ್ಕವರು ಬಾಲ ಯೇಸುವನ್ನು ತಂದು ಮಲಗಿಸಬೇಕು. ಬಾಲ ಯೇಸುವನ್ನು ನೋಡಲು ದೂರದಿಂದ ಬಂದ ಮೂವರು ಜ್ಞಾನಿಗಳು ಮೊದಲು ಕಿಟಕಿ ಹತ್ತಿರ ಇರುತ್ತಾರೆ, ದಿನಕ್ಕೆ ಸ್ವಲ್ಪ ಸ್ವಲ್ಪ ಸರಿಸುತ್ತಾ ಜನವರಿ 6ಕ್ಕೆ ತಲುಪಿಸುತ್ತೇವೆ. ಒಂದು ವರ್ಷ ಕಸ ಗುಡಿಸುವಾಗ ಒಬ್ಬರು ಫ್ರಿಜ್ ಕೆಳಗೆ ಹೋಗಿ, ಬರುವಾಗ 9ನೇ ತಾರೀಕು ಆಗಿತ್ತು. ಇದಕ್ಕೆಲ್ಲ ಬಿಡಿಗಾಸು ಖರ್ಚಿಲ್ಲ, ಆದರೆ ಮಕ್ಕಳು ಬೆಳಗ್ಗೆ ಎದ್ದು ಮೊದಲು ನೋಡುವುದು ಇದನ್ನೇ.

ಒಂದು ಕುರಿಗೆ ಮೂರೇ ಕಾಲು. ನನ್ನ ಅಮ್ಮ ಚಿಕ್ಕವಳಿದ್ದಾಗ ಬೀಳಿಸಿದ್ದಂತೆ, ಅಮ್ಮನನ್ನು ಕೇಳಿದರೆ ಮಾವ ಬೀಳಿಸಿದ್ದು ಅನ್ನುತ್ತಾಳೆ. ಕಲ್ಲಿಗೆ ಒರಗಿಸಿ ನಿಲ್ಲಿಸುತ್ತೇವೆ. ಕಳೆದ ಸಲ ಸರದಿ ಮಗಳದು. "ಹೊಸ ಕುರಿ ತರಲಾ ಅಮ್ಮ?" ಅಂತ ಕೇಳಿದವಳು ಕೊನೆಗೆ ತಂದಿದ್ದು ಒಂದು ಗಂಟೆ.

6ನೇ ತಾರೀಕು ಎಲ್ಲ ಒಳಗಿಡುವಾಗ ಮುಂದಿನ ವರ್ಷಕ್ಕೆ ಏನು ಕಮ್ಮಿ ಬೀಳುತ್ತದೆ ಅಂತ ಮುಚ್ಚಳದ ಒಳಗಡೆ ಪೆನ್ಸಿಲಿನಲ್ಲಿ ಬರೆಯುತ್ತೇವೆ. ಈ ಸಲ ಬರೆದಿರುವುದು: ದಾರ ಒಂದು ಉಂಡೆ, ವಾರ್ನಿಷ್, ಟೇಪ್.