ಕಟ್ಟ ಒಡೆಸಿದೆ, ಹಳ್ಳ ಏಪ್ರಿಲ್‌ವರೆಗೆ ಹರಿಯಿತು

ಈ ವರ್ಷ ಏಪ್ರಿಲ್ ಮೂರನೇ ವಾರದವರೆಗೂ ನಮ್ಮ ಹಳ್ಳದಲ್ಲಿ ನೀರಿತ್ತು. ಮೊದಲೆಲ್ಲ ಶಿವರಾತ್ರಿಗೇ ಕಲ್ಲು ಕಾಣುತ್ತಿತ್ತು. ಹಳ್ಳ ಸಣ್ಣದು, ಸೇರುವುದು ಅಘನಾಶಿನಿಗೆ. ಶಿರಸಿಯ ಶಂಕರಹೊಂಡದಿಂದ ಅರಬ್ಬಿ ಸಮುದ್ರದವರೆಗೆ ಆ ಹೊಳೆಗೆ ದೊಡ್ಡ ಅಣೆಕಟ್ಟು ಒಂದೂ ಇಲ್ಲವೆಂದು ನಮಗೆಲ್ಲ ಹೆಮ್ಮೆ. ಅದಕ್ಕೆ ನೀರುಣಿಸುವ ಹಳ್ಳಗಳಿಗೆ ಸಿಮೆಂಟು ಸುರಿದವರೂ ನಾವೇ.

ನಾನೂ ಸುರಿದೆ. ಕೈಯಿಂದ ಸುಮಾರು 1.80 ಲಕ್ಷ ಹಾಕಿ ಹಳ್ಳಕ್ಕೆ ಅಡ್ಡವಾಗಿ ನೀರು ನಿಲ್ಲಿಸುವ ಕಟ್ಟ ಕಟ್ಟಿಸಿದೆ. ಮೂರೇ ಮಳೆಗಾಲದಲ್ಲಿ ಹೂಳು ತುಂಬಿ ಸೊಂಟದಾಳದ ಗುಂಡಿ ಮೊಣಕಾಲಿಗೆ ಬಂತು. 2019ರ ಆಗಸ್ಟ್ ನೆರೆಯಲ್ಲಿ ನೀರು ಕಟ್ಟದ ಪಕ್ಕದ ದರೆ (ದಂಡೆಯ ಕಡಿದಾದ ಮಣ್ಣು) ಕೊರೆದುಕೊಂಡು ಹೋಯಿತು, ಜೊತೆಗೆ ಇಪ್ಪತ್ತೆರಡೋ ಇಪ್ಪತ್ಮೂರೋ ಫಸಲಿನ ಅಡಿಕೆ ಮರ. ಇನ್ನೂ ಎತ್ತರಿಸು ಎಂದರು ಎಲ್ಲರೂ. ನಾನು ಜೆಸಿಬಿ ತರಿಸಿ ನಡುವೆ ಒಡೆಸಿದೆ. "ತಮಾ, ಕಟ್ಟ ಒಡೆದು ನೀರು ಹೆಚ್ಚಾದ ಊರು ಎಲ್ಲಿದ್ದು?" ಎಂದರು ಪಕ್ಕದ ಮನೆ ದೊಡ್ಡಪ್ಪ.

ನೀರು ಹೆಚ್ಚಿದ್ದು ಬೆಟ್ಟದಿಂದ. ಹಳ್ಳದ ಮೇಲಿನ ಮೂರು ಎಕರೆ ಸೊಪ್ಪಿನ ಬೆಟ್ಟದಲ್ಲಿ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡಿನಲ್ಲಿ, ಮಳೆನೀರು ಇಂಗಲೆಂದು ದರಕು (ಉದುರಿದ ಒಣ ಎಲೆ) ಗುಡಿಸುವುದನ್ನೇ ಬಿಟ್ಟೆ. ತೋಟಕ್ಕೆ ಮುಚ್ಚಿಗೆ ಸಾಲದೆ ವರ್ಷಕ್ಕೆ ಹದಿನೈದು ಸಾವಿರದಷ್ಟು ಸೊಪ್ಪು ಕೊಂಡೆ. ಜೆಸಿಬಿ ಬಾಡಿಗೆಗಿಂತ ಅದೇ ಹೆಚ್ಚು ಕಚ್ಚಿತು. ನಾಲ್ಕನೇ ವರ್ಷ ಮಾರ್ಚಿನಲ್ಲಿ ದರಕಿನಡಿ ಕೈ ಹಾಕಿದರೆ ಮಣ್ಣು ತಂಪು, ಬಿಳಿ ಬೂಸು ಹಿಡಿದ ಎಲೆ ಮುದ್ದೆಯಾಗಿ ಎದ್ದು ಬರುತ್ತಿತ್ತು.

ದರೆ ಹಿಡಿಯಲು ಲಾವಂಚ ಹಾಕಿ ನೋಡಿದೆ. ಬಿಸಿಲಿದ್ದಲ್ಲಿ ಚೆನ್ನಾಗಿ ಬಂತು, ಮರದ ನೆರಳಲ್ಲಿ ಸತ್ತಿತು. ಅಲ್ಲಿಗೆ ಕೇದಿಗೆ, ಹೊಳೆ ಹೊಂಗೆ ಇಟ್ಟೆ. ಜೌಗಿಗೆ ರಾಮಪತ್ರೆ, ಜಾಯಿಕಾಯಿ ಜಾತಿಯ ಕಾಡುಮರ. ಮೊದಲ ವರ್ಷ ಇನ್ನೂರು ಬೀಜ ತಂದು ವಾರಗಟ್ಟಲೆ ಒಣಗಿಸಿಟ್ಟೆ, ಒಂದೂ ಹುಟ್ಟಲಿಲ್ಲ. ಒಣಗಿದರೆ ಅದರ ಜೀವ ಹೋಗುತ್ತದೆ. ಮರುವರ್ಷ ಹೆಕ್ಕಿದ ದಿನವೇ ಹಸಿಯಾಗಿ ಊರಿದೆ, ನೂರಮೂವತ್ತರ ಹತ್ತಿರ ಉಳಿದವು. ಚೀಲದ ಮಣ್ಣಿಗೆ ಏನು ಬೆರೆಸಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಮನೆಗೆ ಬಂದವರಿಗೆ ತೋರಿಸುತ್ತೇನೆ.

ಹರಿವು ಅಳೆಯಲು ಅಡಿಕೆ ಸಿಪ್ಪೆ ತೇಲಿಬಿಟ್ಟು ಇಪ್ಪತ್ತು ಅಡಿಗೆ ಎಷ್ಟು ಸೆಕೆಂಡು ಎಂದು ಪ್ರತಿ ಭಾನುವಾರ ಎಣಿಸುತ್ತೇನೆ. ಕಳೆದ ಮಾರ್ಚಿನಲ್ಲಿ ನಲವತ್ತರ ಮೇಲಿತ್ತು, ಈ ಸಲ ಮೂವತ್ತರ ಒಳಗೆ.

ಮೊದಲ ಮಳೆಗೆ ಹತ್ತುಮೀನು, ಅಂದರೆ ಹರಿವಿಗೆ ಎದುರಾಗಿ ಹಳ್ಳ ಹತ್ತಿ ಬರುವ ಮೀನು, ಕಟ್ಟ ಒಡೆದ ಜಾಗದಲ್ಲೇ ಮೇಲೇರಿದವು. ಕಟ್ಟವಿದ್ದಷ್ಟು ವರ್ಷ ಅವು ಗೋಡೆಗೆ ಬಡಿದು ಕೆಳಗೇ ಬೀಳುತ್ತಿದ್ದವು. ದೊಡ್ಡಪ್ಪ ರಾತ್ರಿ ಬ್ಯಾಟರಿ ಹಿಡಿದು ನಿಂತು ನೋಡಿದರು. ಮರುದಿನ ಬೆಳಿಗ್ಗೆ ಬಂದು ಇಪ್ಪತ್ತು ರಾಮಪತ್ರೆ ಸಸಿ ಒಯ್ದರು.