ಅಕ್ಕಿ ಇಲ್ಲದ ಎಲೆಕೋಸಿನ ಸುರುಳಿ, ಪುಂಡಿಯ ಹುಳಿಯಲ್ಲಿ

ಪೋಲೆಂಡ್, ಉಕ್ರೇನ್, ರೊಮೇನಿಯಾ, ಟರ್ಕಿಯ ಮನೆಗಳಲ್ಲಿ ಎಲೆಕೋಸಿನ ದೊಡ್ಡ ಎಲೆಗಳಿಗೆ ಅಕ್ಕಿ ಮತ್ತು ಖೀಮಾ ತುಂಬಿ, ಸುರುಳಿ ಸುತ್ತಿ, ಹುಳಿ ಗ್ರೇವಿಯಲ್ಲಿ ನಿಧಾನವಾಗಿ ಬೇಯಿಸುತ್ತಾರೆ. ರುಚಿಯಾದ ಅಡುಗೆ. ಆದರೆ ಸಕ್ಕರೆ ಕಾಯಿಲೆಯ ಕಾರಣಕ್ಕೋ ತೂಕ ಇಳಿಸುವ ಸಲುವಾಗಿಯೋ ಪಿಷ್ಟ ಕಡಿಮೆ ಮಾಡಿದವರಿಗೆ ಒಳಗಿನ ಅಕ್ಕಿಯೇ ತೊಡಕು. ಅನ್ನ ಬಿಟ್ಟರೆ ಹೂರಣವೇ ಆಗದು ಎಂದು ಕಲಬುರಗಿಯವರು ಒಪ್ಪಬೇಕಾಗಿಲ್ಲ. ನಮ್ಮ ಎಣ್ಣೆಗಾಯಿಯ ಹೂರಣದಲ್ಲಿ ಅಕ್ಕಿ ಎಲ್ಲಿದೆ? ಶೇಂಗಾ, ಎಳ್ಳು, ಗುರೆಳ್ಳು, ಒಣಕೊಬ್ಬರಿ ಸೇರಿಯೇ ಬದನೆಕಾಯಿಯ ಹೊಟ್ಟೆ ತುಂಬುತ್ತದೆ.

ಅಕ್ಕಿಯನ್ನು ಸುಮ್ಮನೆ ತೆಗೆದುಹಾಕಿದರೆ ಮಾತ್ರ ಸುರುಳಿ ಕೆಡುತ್ತದೆ. ಅದು ಅಲ್ಲಿ ಮೂರು ಕೆಲಸ ಮಾಡುತ್ತಿರುತ್ತದೆ: ಹೂರಣಕ್ಕೆ ಗಾತ್ರ ಕೊಡುತ್ತದೆ, ಬೇಯುವಾಗ ಬಿಡುವ ನೀರನ್ನು ಹೀರುತ್ತದೆ, ಎಲ್ಲವನ್ನೂ ಹಿಡಿದಿಡುತ್ತದೆ. ಈ ಮೂರಕ್ಕೂ ಬೇರೆ ಬೇರೆ ಆಳುಗಳನ್ನು ಹುಡುಕಬೇಕು. ಗಾತ್ರಕ್ಕೆ ಹೂಕೋಸಿನ ತುರಿ, ನೀರು ಹೀರಲು ಅಗಸೆ ಪುಡಿ, ಮೈ ಕಟ್ಟಲು ಶೇಂಗಾ ಮತ್ತು ಪನೀರ್. ಅಕ್ಕಿಯ ಬದಲು ನವಣೆಯನ್ನೋ ಜೋಳದ ನುಚ್ಚನ್ನೋ ಹಾಕಿ ಪಿಷ್ಟ ಕಡಿಮೆಯಾಯಿತು ಎಂದುಕೊಳ್ಳುವವರಿದ್ದಾರೆ. ನಾರಿನ ದೃಷ್ಟಿಯಿಂದ ಅವು ಒಳ್ಳೆಯವೇ, ಆದರೆ ನೂರು ಗ್ರಾಂ ಧಾನ್ಯದಲ್ಲಿ ಸುಮಾರು 60ರಿಂದ 70 ಗ್ರಾಂ ಕಾರ್ಬೋಹೈಡ್ರೇಟ್ ಇದ್ದೇ ಇರುತ್ತದೆ. ಹೂಕೋಸಿನಲ್ಲಿ ಅದು 5 ಗ್ರಾಂ, ಎಲೆಕೋಸಿನಲ್ಲಿ ಹೆಚ್ಚುಕಡಿಮೆ 6 ಗ್ರಾಂ.

ಏನೇನು ಬೇಕು

ಎಂಟು ಸುರುಳಿಗಳಿಗೆ ಒಂದು ಕಿಲೋಗಿಂತ ಸ್ವಲ್ಪ ಹೆಚ್ಚು ತೂಗುವ ಒಂದು ಎಲೆಕೋಸು, 200 ಗ್ರಾಂ ಹೂಕೋಸು, 200 ಗ್ರಾಂ ಪನೀರ್, ಹುರಿದ ಶೇಂಗಾ 50 ಗ್ರಾಂ, ಹುರಿದು ಪುಡಿ ಮಾಡಿದ ಅಗಸೆ ಎರಡು ದೊಡ್ಡ ಚಮಚ, ಒಂದು ಈರುಳ್ಳಿ, ಒಂದು ಹಿಡಿ ಮೆಂತ್ಯ ಸೊಪ್ಪು, ಬೆಳ್ಳುಳ್ಳಿ, ಅರಿಶಿನ, ಮಸಾಲೆ ಖಾರ, ಉಪ್ಪು. ಗ್ರೇವಿಗೆ ಒಂದು ದೊಡ್ಡ ಕಟ್ಟು ಪುಂಡಿ (ಗೋಂಗುರ) ಸೊಪ್ಪು ಮತ್ತು ಒಂದು ಟೊಮೆಟೊ.

ಮಾರ್ಕೆಟ್‌ನಲ್ಲಿ ಎಲೆಕೋಸು ಆರಿಸುವಾಗ ಕಲ್ಲಿನಂತೆ ಬಿಗಿಯಾದದ್ದು ಬೇಡ. ಪಲ್ಯಕ್ಕೆ ಅದೇ ಚೆಂದ, ಸುರುಳಿಗೆ ಅಲ್ಲ. ಒತ್ತಿದರೆ ಸ್ವಲ್ಪ ಬಳುಕುವ, ಮೇಲಿನ ಹಸಿರು ಎಲೆಗಳನ್ನು ಕಿತ್ತುಹಾಕದ ಎಲೆಕೋಸು ಸಿಕ್ಕರೆ ಅರ್ಧ ಕೆಲಸ ಮುಗಿದಂತೆ.

ಎಲೆ ಬಿಡಿಸುವುದು

ಹಸಿ ಎಲೆಯನ್ನು ಎಳೆದರೆ ಹರಿಯುತ್ತದೆ. ಚೂಪಾದ ಚಾಕುವಿನಿಂದ ಬುಡದ ಗಟ್ಟಿ ದಿಂಡನ್ನು ಸುತ್ತಲೂ ಕೊರೆದು ತೆಗೆಯಿರಿ. ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ, ಉಪ್ಪು ಹಾಕಿ, ಎಲೆಕೋಸನ್ನು ಇಡಿಯಾಗಿ, ಕೊರೆದ ಭಾಗ ಕೆಳಗಾಗುವಂತೆ ಇಳಿಸಿ. ಮೂರು ನಾಲ್ಕು ನಿಮಿಷದಲ್ಲಿ ಹೊರಗಿನ ಎಲೆ ತಾನಾಗಿ ಸಡಿಲಗೊಳ್ಳುತ್ತದೆ. ಇಕ್ಕಳದಿಂದ ಅದನ್ನು ಬಿಡಿಸಿ ತೆಗೆದು, ಒಳಗಿನದು ಸಡಿಲವಾಗಲು ಬಿಡಿ. ಹೀಗೆ ಒಂದೊಂದಾಗಿ ಎಂಟು ಎಲೆ ತೆಗೆದು ಬಟ್ಟೆಯ ಮೇಲೆ ಹರಡಿ ನೀರಾರಿಸಿ. ಫ್ರೀಜರ್ ಇದ್ದವರು ಹಿಂದಿನ ರಾತ್ರಿಯೇ ಇಡೀ ಎಲೆಕೋಸನ್ನು ಅದರಲ್ಲಿಟ್ಟು, ಬೆಳಿಗ್ಗೆ ಹೊರಗಿಟ್ಟು ಕರಗಿಸಬಹುದು. ಎಲೆ ತಾನಾಗಿ ಮೆತ್ತಗಾಗಿರುತ್ತದೆ, ಕುದಿಸುವ ಗೋಜಿಲ್ಲ.

ಮುಂದಿನದು ಸಣ್ಣ ಕೆಲಸ, ಆದರೆ ಬಿಡುವಂತಿಲ್ಲ. ಎಲೆಯ ಬೆನ್ನಿನಲ್ಲಿ, ಬುಡದ ಕಡೆ ನಡುನರ ದಪ್ಪಗೆ ಎದ್ದಿರುತ್ತದೆ. ಎಲೆಯನ್ನು ಬೋರಲು ಹಾಕಿ, ಚಾಕುವನ್ನು ಮಲಗಿಸಿ ಹಿಡಿದು ಆ ಉಬ್ಬನ್ನಷ್ಟೇ ಸವರಿ ತೆಗೆಯಿರಿ. ಎಲೆ ತೂತಾಗಬಾರದು, ನರ ಎಲೆಯಷ್ಟೇ ತೆಳ್ಳಗಾಗಬೇಕು. ಬೆರಳಿನಿಂದ ಮಡಚಿ ನೋಡಿ: ಚಟ್ ಎಂದು ಸದ್ದಾದರೆ ಇನ್ನಷ್ಟು ಸವರಬೇಕು. ಸದ್ದಿಲ್ಲದೆ ಮಡಚಿಕೊಂಡರೆ ಸುರುಳಿ ಬಿಚ್ಚುವ ಭಯವಿಲ್ಲ.

ಹೂರಣ

ಹೂಕೋಸನ್ನು ತುರಿದು, ಚಿಟಿಕೆ ಉಪ್ಪು ಬೆರೆಸಿ ಹತ್ತು ನಿಮಿಷ ಬಿಡಿ. ತೆಳು ಬಟ್ಟೆಯಲ್ಲಿ ಕಟ್ಟಿ, ಕೈ ನೋಯುವಷ್ಟು ಹಿಂಡಿ. ಇಲ್ಲಿ ಉಳಿದ ನೀರೆಲ್ಲ ಆಮೇಲೆ ಗ್ರೇವಿಗೆ ಇಳಿದು ಅದನ್ನು ತೆಳ್ಳಗೆ ಮಾಡುತ್ತದೆ. ಬಾಣಲೆಯಲ್ಲಿ ಒಂದು ಚಮಚ ಶೇಂಗಾ ಎಣ್ಣೆ ಕಾಯಿಸಿ, ಜಜ್ಜಿದ ಬೆಳ್ಳುಳ್ಳಿ, ಹೆಚ್ಚಿದ ಈರುಳ್ಳಿ ಬಾಡಿಸಿ, ಮೆಂತ್ಯ ಸೊಪ್ಪು ಹಾಕಿ. ಸೊಪ್ಪಿನ ಹಸಿ ವಾಸನೆ ಹೋದ ಮೇಲೆ ಹೂಕೋಸಿನ ತುರಿ ಸೇರಿಸಿ, ಮುಚ್ಚದೆ ಐದು ನಿಮಿಷ ಹುರಿಯಿರಿ. ಅರಿಶಿನ, ಒಂದೂವರೆ ಚಮಚ ಮಸಾಲೆ ಖಾರ, ಉಪ್ಪು ಬೆರೆಸಿ ಒಲೆ ಆರಿಸಿ. ಬಿಸಿ ಆರಿದ ಮೇಲೆ ಪುಡಿ ಮಾಡಿದ ಪನೀರ್, ತರಿತರಿಯಾಗಿ ಕುಟ್ಟಿದ ಶೇಂಗಾ, ಅಗಸೆ ಪುಡಿ ಹಾಕಿ ಕಲಸಿ. ಹತ್ತು ನಿಮಿಷ ಬಿಟ್ಟರೆ ಅಗಸೆ ತೇವ ಹೀರಿ ಹೂರಣ ಮುದ್ದೆಗೆ ಬರುತ್ತದೆ. ಗುರೆಳ್ಳು ಹಿಂಡಿ, ಅಂದರೆ ಚಟ್ನಿಪುಡಿ, ಮನೆಯಲ್ಲಿದ್ದರೆ ಒಂದು ಚಮಚ ಸೇರಿಸಿ, ರುಚಿಯೇ ಬೇರೆ.

ಮಾಂಸ ತಿನ್ನುವವರು ಪನೀರ್ ಬದಲು 250 ಗ್ರಾಂ ಮಟನ್ ಖೀಮಾವನ್ನು ಶುಂಠಿ, ಬೆಳ್ಳುಳ್ಳಿಯೊಂದಿಗೆ ನೀರಾರುವವರೆಗೆ ಬೇಯಿಸಿ ಬಳಸಬಹುದು. ಆಗ ಶೇಂಗಾ ಅರ್ಧ ಸಾಕು. ಒಂದು ಮೊಟ್ಟೆ ಒಡೆದು ಹಾಕಿದರೆ ಹಿಡಿತ ಚೆನ್ನಾಗಿ ಬರುತ್ತದೆ.

ಎರಡು ಎಚ್ಚರಿಕೆ. ಹೂರಣ ಸಡಿಲವಾಯಿತೆಂದು ಕಡಲೆಹಿಟ್ಟನ್ನೋ ಪುಟಾಣಿ ಪುಡಿಯನ್ನೋ ಸುರಿಯಬೇಡಿ. ಎರಡರಲ್ಲೂ ತೂಕದ ಅರ್ಧಕ್ಕಿಂತ ಹೆಚ್ಚು ಕಾರ್ಬೋಹೈಡ್ರೇಟ್. ಇನ್ನೊಂದು ಚಮಚ ಅಗಸೆ ಪುಡಿ ಹಾಕಿದರೆ ಸಾಕು. ಅಗಸೆಯ ಕಾರ್ಬೋಹೈಡ್ರೇಟ್‌ನಲ್ಲಿ ಬಹುಪಾಲು ನಾರೇ. ಅಂಗಡಿಯ ಶೇಂಗಾ ಹಿಂಡಿ ಬಳಸುವುದಾದರೆ ಬೆಲ್ಲ ಬೆರೆತಿದೆಯೇ ಎಂದು ಕೇಳಿ.

ಸುತ್ತುವುದು

ಎಲೆಯ ಬುಡ ನಿಮ್ಮ ಕಡೆ ಇರಲಿ. ಎರಡು ಚಮಚ ಹೂರಣ ಬುಡದ ಬಳಿ ಇಟ್ಟು ಒಂದು ಸುತ್ತು ಉರುಳಿಸಿ, ಎಡಬಲದ ಅಂಚುಗಳನ್ನು ಒಳಕ್ಕೆ ಮಡಚಿ, ಕೊನೆಯವರೆಗೆ ಸುತ್ತಿ. ತೀರಾ ಬಿಗಿ ಬೇಡ. ದಾರವೂ ಬೇಡ, ಕಡ್ಡಿಯೂ ಬೇಡ, ಅಂಚು ಕೆಳಗಾಗಿ ಕೂತರೆ ತಾನೇ ನಿಲ್ಲುತ್ತದೆ.

ಪುಂಡಿಯ ಗ್ರೇವಿ

ಮೂಲ ಅಡುಗೆಯಲ್ಲಿ ಹುಳಿ ಬರುವುದು ಟೊಮೆಟೊದಿಂದ. ಬಾಲ್ಕನ್ ದೇಶಗಳಲ್ಲಿ ಎಲೆಕೋಸನ್ನೇ ಉಪ್ಪುನೀರಿನಲ್ಲಿ ಹುಳಿಯಾಗಿಸಿ ಬಳಸುತ್ತಾರೆ. ನಮಗೆ ಪುಂಡಿ ಇದೆ. ಎಲೆಕೋಸಿನ ಸಪ್ಪೆ ಸಿಹಿಗೆ ಪುಂಡಿಯ ಹುಳಿಯಷ್ಟು ಚೆನ್ನಾಗಿ ಟೊಮೆಟೊ ಹೊಂದುವುದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಸೊಪ್ಪನ್ನು ಸ್ವಲ್ಪ ನೀರಿನಲ್ಲಿ ಏಳೆಂಟು ನಿಮಿಷ ಬೇಯಿಸಿ. ಹುಳಿ ಜಾಸ್ತಿ ಎನಿಸಿದರೆ ಆ ನೀರು ಚೆಲ್ಲಿ, ಕಡಗೋಲಿನಿಂದ ಮಸೆಯಿರಿ. ಅಗಲವಾದ ಸ್ಟೀಲ್ ಪಾತ್ರೆಯಲ್ಲಿ ಎಣ್ಣೆ, ಸಾಸಿವೆ, ಜೀರಿಗೆ, ಏಳೆಂಟು ಎಸಳು ಬೆಳ್ಳುಳ್ಳಿ, ಹಸಿಮೆಣಸಿನಕಾಯಿಯ ಒಗ್ಗರಣೆ ಕೊಟ್ಟು, ಟೊಮೆಟೊ ಮತ್ತು ಪುಂಡಿ ಹಾಕಿ, ಒಂದೂವರೆ ಲೋಟ ನೀರು ಬೆರೆಸಿ. ಇಷ್ಟು ಹುಳಿಗೆ ಅಲ್ಯೂಮಿನಿಯಂ ಪಾತ್ರೆ ಬೇಡ. ಪುಂಡಿಪಲ್ಯಕ್ಕೆ ಹಾಕುವಂತೆ ನುಚ್ಚು, ತೊಗರಿ ಬೇಳೆ ಇಲ್ಲಿ ಹಾಕುವಂತಿಲ್ಲ. 2019ರಲ್ಲಿ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆ ಪಡೆದ ನಮ್ಮ ತೊಗರಿಯ ಮೇಲೆ ನನಗೂ ಅಭಿಮಾನವಿದೆ, ಆದರೆ ಅದರಲ್ಲೂ ಅರ್ಧಕ್ಕಿಂತ ಹೆಚ್ಚು ಕಾರ್ಬೋಹೈಡ್ರೇಟ್.

ಗ್ರೇವಿ ಕುದಿಯುತ್ತಿದ್ದಂತೆ ಅರ್ಧದಷ್ಟನ್ನು ಬೇರೆ ಬಟ್ಟಲಿಗೆ ತೆಗೆದಿಡಿ. ಉಳಿದದ್ದರ ಮೇಲೆ ಹರಿದ ಎಲೆಗಳನ್ನು ಹಾಸಿ, ಸುರುಳಿಗಳನ್ನು ಅಂಚು ಕೆಳಗಾಗಿ ಒತ್ತೊತ್ತಾಗಿ ಜೋಡಿಸಿ, ತೆಗೆದಿಟ್ಟ ಗ್ರೇವಿ ಸುರಿಯಿರಿ. ಅಲುಗಾಡದಂತೆ ಮೇಲೊಂದು ತಟ್ಟೆ ಬೋರಲು ಹಾಕಿ, ಮುಚ್ಚಿ, ಸಣ್ಣ ಉರಿಯಲ್ಲಿ 35ರಿಂದ 40 ನಿಮಿಷ ಬೇಯಿಸಿ. ಕುಕ್ಕರ್‌ನ ಆತುರ ಇದಕ್ಕೆ ಆಗಿಬರುವುದಿಲ್ಲ, ಎಲೆ ಕರಗಿ ಹೂರಣ ಹೊರಬರುತ್ತದೆ.

ಬಡಿಸುವ ಮುನ್ನ

ಪನೀರ್ ಹಾಕಿ ಮಾಡಿದ ಒಂದು ಸುರುಳಿಯಲ್ಲಿ, ಗ್ರೇವಿಯೂ ಸೇರಿ, ಸುಮಾರು 8 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ. ನಾರು ಕಳೆದರೆ 5 ಗ್ರಾಂನಷ್ಟು. ಇದೇ ಅಳತೆಗೆ ನೂರು ಗ್ರಾಂ ಅಕ್ಕಿ ಹಾಕಿದ್ದರೆ ಪ್ರತಿ ಸುರುಳಿಗೆ ಇನ್ನೂ 10 ಗ್ರಾಂ ಕೂಡುತ್ತಿತ್ತು. ಗಟ್ಟಿ ಮೊಸರು, ಸೌತೆಕಾಯಿಯೊಂದಿಗೆ ಇದೇ ಒಂದು ಊಟ. ಮನೆಯ ಉಳಿದವರು ಖಡಕ್ ರೊಟ್ಟಿಯೊಂದಿಗೆ ತಿನ್ನಲಿ. ಪಿಷ್ಟ ಲೆಕ್ಕ ಹಾಕುವವರು ಮಾತ್ರ, ಜೋಳದ ರೊಟ್ಟಿ ಲೆಕ್ಕಕ್ಕಿಲ್ಲ ಎಂಬ ಮಾತನ್ನು ನಂಬಬೇಡಿ.

ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಅನ್ನ, ರೊಟ್ಟಿಯನ್ನು ಒಮ್ಮೆಲೇ ಬಿಟ್ಟರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ದಯವಿಟ್ಟು ಮೊದಲು ವೈದ್ಯರೊಂದಿಗೆ ಮಾತನಾಡಿ, ಔಷಧಿಯ ಪ್ರಮಾಣ ಸರಿಪಡಿಸಿಕೊಳ್ಳಿ.

ಒಲೆಯಿಂದ ಇಳಿಸಿದ ಮೇಲೆ ಕಾಲು ಗಂಟೆ ಮುಚ್ಚಿಯೇ ಇಡಿ, ಸುರುಳಿ ಗಟ್ಟಿಗೊಳ್ಳುತ್ತದೆ. ನಮ್ಮ ಬೇಸಿಗೆಯಲ್ಲಿ ಉಳಿದದ್ದನ್ನು ಹೊರಗೆ ಬಿಡದೆ, ಆರುತ್ತಿದ್ದಂತೆ ಫ್ರಿಜ್‌ಗೆ ಸೇರಿಸಿ. ಮರುದಿನ ಎರಡು ಚಮಚ ನೀರು ಚಿಮುಕಿಸಿ, ಮುಚ್ಚಿ, ಸಣ್ಣ ಉರಿಯಲ್ಲಿ ಒಳಗಿನವರೆಗೆ ಬಿಸಿ ಮಾಡಿ ತಿನ್ನಿ.